ತಾನಾಗಿ ಮುಚ್ಚುವ ಬಾಗಿಲು: ಹೊಗೆಯನ್ನು ತಡೆಯಬೇಕು, ಮುದುಕರ ಕೈಗೂ ಬಗ್ಗಬೇಕು



ಅಡಿಕೆಯ ಕೊಳೆರೋಗ, ಕಾಫಿಯ ಕಾಂಡಕೊರಕ, ಗೊಬ್ಬರದ ದರ, ಸಾಲದ ಕಂತು ಇವುಗಳಿಗೆ ಮೀಸಲಾದ ಈ ಪುಟಗಳಲ್ಲಿ ಕಾರ್ಯದರ್ಶಿ ಬಾಗಿಲಿನ ವಿಚಾರ ಬರೆಯಲು ಕುಳಿತನೇ ಎಂದು ತಾವು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ನಮ್ಮ ಸಂಘದ ಕಟ್ಟಡದ ಒಂದು ಬಾಗಿಲು ನಮಗೆ ಕಲಿಸಿದ ಪಾಠವನ್ನು ನನ್ನಲ್ಲಿಯೇ ಇಟ್ಟುಕೊಂಡರೆ ತಪ್ಪಾಗುತ್ತದೆ. ಮದ್ದೂರು, ಮಳವಳ್ಳಿ, ಮಂಡ್ಯದ ಸುತ್ತ ಈಗ ಹಳ್ಳಿ ಹಳ್ಳಿಯಲ್ಲೂ ಸಂಘದ ಕಟ್ಟಡ, ಸಮುದಾಯ ಭವನ, ಕಲ್ಯಾಣ ಮಂಟಪಗಳು ಏಳುತ್ತಿವೆ. ಕಟ್ಟಿಸುವವರು ನಾವೇ, ಬಾಗಿಲು ಆರಿಸುವವರೂ ನಾವೇ. ಆದುದರಿಂದ ಈ ಲೇಖನ.

ನಡೆದ ಸಂಗತಿ

ನಮ್ಮ ಕಟ್ಟಡದ ಕೆಳಗೆ ಗೋದಾಮು ಇದೆ. ಅಡಿಕೆ ಮೂಟೆ, ಖಾಲಿ ಗೋಣಿಚೀಲ, ಗೊಬ್ಬರ ಎಲ್ಲ ಅಲ್ಲಿಯೇ. ಮೇಲೆ ಕಚೇರಿ ಮತ್ತು ಸಭಾಂಗಣ. ನಡುವೆ ಒಂದೇ ಮೆಟ್ಟಿಲು. ಗೋದಾಮಿನಿಂದ ಮೆಟ್ಟಿಲಿಗೆ ಬರುವ ಬಾಗಿಲು ತಾನಾಗಿ ಮುಚ್ಚಿಕೊಳ್ಳಬೇಕೆಂದು ನಕ್ಷೆ ಮಾಡಿದವರು ಬರೆದಿದ್ದರು. ಅಂಗಡಿಯಲ್ಲಿ ಡೋರ್ ಕ್ಲೋಸರ್ ತರುವಾಗ, ಹೇಗೂ ಹಣ ಕೊಡುತ್ತೇವೆ, ಗಟ್ಟಿಯಾದದ್ದೇ ಇರಲಿ ಎಂದು ಎಲ್ಲಕ್ಕಿಂತ ದೊಡ್ಡದನ್ನು ತಂದು ಹಾಕಿಸಿದೆವು. ಅದನ್ನು ಆರಿಸಿದವನು ನಾನೇ.

ಆ ವರ್ಷದ ಮಹಾಸಭೆಯ ದಿನ ಮಳವಳ್ಳಿ ಕಡೆಯ ಹಿರಿಯ ಸದಸ್ಯರೊಬ್ಬರು ಕೋಲೂರಿಕೊಂಡು ಬಂದರು. ಗೋದಾಮಿನಲ್ಲಿ ತಮ್ಮ ಮೂಟೆ ತೂಗಿಸಿ, ಮೇಲೆ ಸಭೆಗೆ ಬರಲು ಆ ಬಾಗಿಲನ್ನು ಭುಜದಿಂದ ನೂಕಿದರು. ಅರ್ಧ ದಾಟುವಷ್ಟರಲ್ಲಿ ಬಾಗಿಲು ಹಿಂದಕ್ಕೆ ಬಡಿದು ಅವರನ್ನು ಗೋಡೆಗೆ ಒತ್ತಿತು. ಕೋಲು ಕೈಬಿಟ್ಟು ಬಿತ್ತು. ಪಕ್ಕದಲ್ಲಿದ್ದ ಹಮಾಲಿ ಹಿಡಿಯದಿದ್ದರೆ ಅವರೂ ಬೀಳುತ್ತಿದ್ದರು. ಸುಧಾರಿಸಿಕೊಂಡು ಮೇಲೆ ಬಂದವರು ನನ್ನ ಮುಖ ನೋಡಿ, "ಏನಪ್ಪಾ ಸೆಕ್ರೆಟ್ರಿ, ಸಾಲ ಕೇಳಕ್ಕೆ ಬಂದೋರ್‍ನ ಬಾಗ್ಲಲ್ಲೇ ಹೊಡ್ದು ಕಳುಸ್ತೀರಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮರುದಿನ ಆ ಬಾಗಿಲಿಗೆ ಒಂದು ಇಟ್ಟಿಗೆ ಬಂತು. ಯಾರು ಇಟ್ಟರೋ ತಿಳಿಯದು. ಬಾಗಿಲು ಹಗಲೂ ರಾತ್ರಿ ತೆರೆದೇ ನಿಂತಿತು. ದಿನಕ್ಕೆ ಹತ್ತು ಸಲ ನಾನು ಆ ಇಟ್ಟಿಗೆ ದಾಟಿ ಓಡಾಡಿದೆ. ಒಳ್ಳೆಯದೇ ಆಯಿತು, ಯಾರಿಗೂ ತೊಂದರೆಯಿಲ್ಲ ಎಂದುಕೊಂಡೆ.

ಎಂಟು ತಿಂಗಳ ಮೇಲೆ ಒಂದು ಸಂಜೆ ಗೋದಾಮಿನ ವಿದ್ಯುತ್ ಬೋರ್ಡಿನಲ್ಲಿ ಕಿಡಿ ಹಾರಿ ಕೆಳಗಿದ್ದ ಗೋಣಿಚೀಲದ ರಾಶಿಗೆ ತಗುಲಿತು. ದೊಡ್ಡ ಉರಿ ಏಳಲಿಲ್ಲ. ಹುಡುಗರು ಮೇನ್ ಸ್ವಿಚ್ ತೆಗೆದು ಮರಳು ಸುರಿದು ಆರಿಸಿದರು. ಆದರೆ ಗೋಣಿ ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು. ಆ ಹೊಗೆ ತೆರೆದ ಬಾಗಿಲಿನಿಂದ ಮೆಟ್ಟಿಲು ಹತ್ತಿ ಕಚೇರಿಗೆ ನುಗ್ಗಿತು. ಲೆಕ್ಕ ಬರೆಯುತ್ತಿದ್ದ ಇಬ್ಬರು ಕೆಮ್ಮುತ್ತಾ, ಕಣ್ಣು ಕಾಣದೆ, ಗೋಡೆ ತಡವಿಕೊಂಡು ಕೆಳಗಿಳಿದರು. ಅಂದು ಸಭೆ ಇದ್ದಿದ್ದರೆ ಏನಾಗುತ್ತಿತ್ತೆಂದು ಈಗಲೂ ಯೋಚಿಸುತ್ತೇನೆ.

ಇಟ್ಟಿಗೆ ಇಟ್ಟವರನ್ನು ಬೈದು ಫಲವಿಲ್ಲ. ಆ ಇಟ್ಟಿಗೆಯನ್ನು ಬರಮಾಡಿಕೊಂಡದ್ದು ನಾನು ಆರಿಸಿದ ಕ್ಲೋಸರ್. ಈ ಲೇಖನದ ಸಾರವೂ ಇಷ್ಟೇ: ಕೈಲಾಗದವರಿಗೆ ಭಾರವಾದ ಬಾಗಿಲಿಗೆ ಇಂದಲ್ಲ ನಾಳೆ ಇಟ್ಟಿಗೆ ಬೀಳುತ್ತದೆ. ಇಟ್ಟಿಗೆ ಬಿದ್ದ ಬಾಗಿಲು ಬೆಂಕಿಯ ದಿನ ಇದ್ದೂ ಇಲ್ಲದಂತೆ.

ಕೊಲ್ಲುವುದು ಹೊಗೆ

ಬೆಂಕಿ ಅನಾಹುತವೆಂದರೆ ಸುಟ್ಟು ಸಾಯುವುದೆಂದು ನಾವು ತಿಳಿದಿದ್ದೇವೆ. ಕಟ್ಟಡಗಳಲ್ಲಿ ಹೆಚ್ಚಿನವರು ಸಾಯುವುದು ಹೊಗೆಯಿಂದ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಹೊಗೆ ಮೇಲಿನ ಅಂತಸ್ತುಗಳನ್ನು ತುಂಬಿ, ಉಸಿರಾಡಲಾಗದೆ ಕೆಲವರು ಕಿಟಕಿಗಳಿಂದ ಹಾರಿದರು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಕೆಳಗಿನ ಟ್ರಾನ್ಸ್‌ಫಾರ್ಮರಿನ ಬೆಂಕಿಯ ಹೊಗೆ ಬಾಲ್ಕನಿಗೆ ಏರಿ 59 ಮಂದಿ ಸತ್ತರು. 2011ರ ಡಿಸೆಂಬರ್ 9ರ ನಸುಕಿನಲ್ಲಿ ಕಲ್ಕತ್ತೆಯ ಆಮ್ರಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಂಕಿ ಹತ್ತಿದಾಗ ಸುಮಾರು ತೊಂಬತ್ತು ಮಂದಿ ಅಸುನೀಗಿದರು. ಅವರಲ್ಲಿ ಬಹುಪಾಲು ಎದ್ದು ಓಡಲಾರದ ರೋಗಿಗಳು.

ಬಾಗಿಲಿನ ವಿಚಾರಕ್ಕೆ ನೇರವಾಗಿ ಸಂಬಂಧಿಸಿದ್ದು 2022ರ ಜನವರಿ 9ರಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ ನಡೆದ ದುರಂತ. 19 ಅಂತಸ್ತಿನ ವಸತಿ ಕಟ್ಟಡದ ಕೆಳಗಿನ ಒಂದು ಮನೆಯಲ್ಲಿ ಚಳಿ ಕಾಯಿಸುವ ವಿದ್ಯುತ್ ಹೀಟರಿನಿಂದ ಬೆಂಕಿ ಹತ್ತಿತು. ಬೆಂಕಿ ಆ ಮನೆ, ಅದರ ಮುಂದಿನ ಓಣಿ ಬಿಟ್ಟು ಹೆಚ್ಚು ದೂರ ಹೋಗಲಿಲ್ಲ. ಆದರೆ ಮನೆಯವರು ಹೊರಗೋಡಿ ಬಂದಾಗ ತಾನಾಗಿ ಮುಚ್ಚಬೇಕಾಗಿದ್ದ ಬಾಗಿಲು ಮುಚ್ಚಲಿಲ್ಲ. ಮೇಲೆ ಮೆಟ್ಟಿಲಿನ ಬಾಗಿಲೊಂದು ಸಹ ತೆರೆದಿತ್ತು. ಹೊಗೆ ಮೆಟ್ಟಿಲಿನ ಗೂಡನ್ನೇ ಹೊಗೆಗೊಳವೆ ಮಾಡಿಕೊಂಡು ಮೇಲೇರಿ 17 ಜನರನ್ನು ಬಲಿ ತೆಗೆದುಕೊಂಡಿತು. ಅವರಲ್ಲಿ ಎಂಟು ಮಕ್ಕಳು. ಅಲ್ಲಿ ಬಾಗಿಲಿಗೆ ಮುಚ್ಚುವ ಸಾಧನ ಇರಲಿಲ್ಲವೆಂದಲ್ಲ. ಇದ್ದದ್ದು ಕೆಲಸ ಮಾಡಲಿಲ್ಲ.

ಡೋರ್ ಕ್ಲೋಸರ್ ಎಂದರೇನು?

ಬಾಗಿಲಿನ ತಲೆಯ ಮೇಲೆ ಕೂರುವ ಆ ಲೋಹದ ಪೆಟ್ಟಿಗೆಯೊಳಗೆ ಬಲವಾದ ಒಂದು ಸ್ಪ್ರಿಂಗ್ ಮತ್ತು ಎಣ್ಣೆ ಇರುತ್ತವೆ. ಬಾಗಿಲು ತೆರೆದಾಗ ನಮ್ಮ ಕೈಬಲ ಸ್ಪ್ರಿಂಗನ್ನು ಒತ್ತಿ ಕೂಡಿಟ್ಟುಕೊಳ್ಳುತ್ತದೆ. ಕೈ ಬಿಟ್ಟೊಡನೆ ಸ್ಪ್ರಿಂಗ್ ಬಾಗಿಲನ್ನು ಮುಚ್ಚಲು ಹೊರಡುತ್ತದೆ. ಎಣ್ಣೆ ಸಣ್ಣ ರಂಧ್ರಗಳ ಮೂಲಕ ಹಾಯಬೇಕಾದ್ದರಿಂದ ಬಾಗಿಲು ಧಡಾರನೆ ಬಡಿಯದೆ ನಿಧಾನವಾಗಿ ಬರುತ್ತದೆ. ಅಂದರೆ ಬಾಗಿಲು ಮುಚ್ಚುವ ಬಲವನ್ನು ಕೊಡುವವರು ತೆರೆಯುವವರೇ. ಒಳಗಿನ ತಿಕ್ಕಾಟದಲ್ಲಿ ಸ್ವಲ್ಪ ನಷ್ಟವಾಗುವುದರಿಂದ ತೆರೆಯಲು ಹಾಕುವ ಬಲ ಮುಚ್ಚುವ ಬಲಕ್ಕಿಂತ ಯಾವಾಗಲೂ ಹೆಚ್ಚು. ಅಳತೆ ಮೀರಿದ ಕ್ಲೋಸರ್ ತಂದರೆ ಅದರ ತೆರಿಗೆಯನ್ನು ಪ್ರತಿ ಸಲವೂ ಮುದುಕರು, ಮಕ್ಕಳು, ಬಸುರಿಯರು ತೆರಬೇಕಾಗುತ್ತದೆ.

ಇಂಥ ಎಣ್ಣೆಯ ಕ್ಲೋಸರ್‌ಗೆ ನಮ್ಮ ದೇಶದಲ್ಲಿ ಐ.ಎಸ್. 3564 ಎಂಬ ಮಾನಕವಿದೆ. ಭಾರದ ಬಾಗಿಲುಗಳಿಗೆ ನೆಲದಲ್ಲಿ ಹೂಳುವ ಫ್ಲೋರ್ ಸ್ಪ್ರಿಂಗ್‌ಗೆ ಐ.ಎಸ್. 6315. ಗಾಳಿ ತುಂಬಿದ ಕೊಳವೆಯಂಥ ಹಗುರ ಕ್ಲೋಸರ್‌ಗೆ ಐ.ಎಸ್. 6343; ಇದು 40 ಕಿಲೋವರೆಗಿನ ಹಗುರ ಬಾಗಿಲಿಗೆ ಮಾತ್ರ. ಸೊಳ್ಳೆ ಜಾಲರಿಯ ಬಾಗಿಲಿಗೆ ಸಾಕು, ಬೆಂಕಿ ತಡೆಯುವ ಬಾಗಿಲಿಗೆ ಸಲ್ಲದು.

ಅಳತೆ ಆರಿಸುವ ಬಗೆ

ಅಂಗಡಿಯಲ್ಲಿ ಸಿಗುವ ಒಳ್ಳೆಯ ಕ್ಲೋಸರ್‌ಗಳ ಮೇಲೆ ಯೂರೋಪಿನ ಇ.ಎನ್. 1154 ಮಾನಕದ ಅಂಕಿ ಸಹ ಇರುತ್ತದೆ. 1ರಿಂದ 7ರವರೆಗೆ ಏಳು ಅಳತೆಗಳು. ನಮಗೆ ಬೇಕಾಗುವವು ಇವು:

ಅಳತೆ 2: ಬಾಗಿಲಿನ ಅಗಲ 850 ಮಿ.ಮೀ. ವರೆಗೆ, ತೂಕ 40 ಕಿಲೋವರೆಗೆ.
ಅಳತೆ 3: ಅಗಲ 950 ಮಿ.ಮೀ. ವರೆಗೆ, ತೂಕ 60 ಕಿಲೋವರೆಗೆ.
ಅಳತೆ 4: ಅಗಲ 1100 ಮಿ.ಮೀ. ವರೆಗೆ, ತೂಕ 80 ಕಿಲೋವರೆಗೆ.
ಅಳತೆ 5: ಅಗಲ 1250 ಮಿ.ಮೀ. ವರೆಗೆ, ತೂಕ 100 ಕಿಲೋವರೆಗೆ.

ಅಗಲಕ್ಕೆ ಒಂದು ಅಳತೆ, ತೂಕಕ್ಕೆ ಇನ್ನೊಂದು ಅಳತೆ ಬಂದರೆ ದೊಡ್ಡದನ್ನು ಹಿಡಿಯತಕ್ಕದ್ದು. ಬೆಂಕಿ ತಡೆಯುವ ಬಾಗಿಲಿಗೆ 3ಕ್ಕಿಂತ ಕಡಿಮೆ ಹಾಕುವಂತಿಲ್ಲ. ನಮ್ಮ ಮೆಟ್ಟಿಲಿನ ಬಾಗಿಲನ್ನೇ ತೆಗೆದುಕೊಳ್ಳಿ. ಅಗಲ ಒಂದು ಮೀಟರು, ಎತ್ತರ 2.1 ಮೀಟರು, ದಪ್ಪ 35 ಮಿ.ಮೀ., ಗಟ್ಟಿ ಮರ. ಲೆಕ್ಕ ಹಾಕಿದರೆ ತೂಕ 48 ಕಿಲೋ ಆಸುಪಾಸು. ತೂಕಕ್ಕೆ 3 ಸಾಕು, ಅಗಲಕ್ಕೆ 4 ಬೇಕು, ಆದ್ದರಿಂದ 4. ನಾನು ತಂದು ಹಾಕಿಸಿದ್ದು 6.

ಒಂದೇ ಪೆಟ್ಟಿಗೆಯಲ್ಲಿ 2ರಿಂದ 4ರವರೆಗೆ ಸ್ಪ್ರಿಂಗ್ ಬಿಗಿ ಬದಲಾಯಿಸಬಹುದಾದ ಕ್ಲೋಸರ್‌ಗಳು ದೊರೆಯುತ್ತವೆ. ಸ್ವಲ್ಪ ಹೆಚ್ಚು ಹಣವಾದರೂ ಅವನ್ನೇ ಕೊಳ್ಳುವುದು ಲೇಸು. ಇನ್ನೊಂದು ಬಗೆಯಿದೆ. ಅದರ ತೋಳು ಮಡಚಿಕೊಳ್ಳದೆ ಚೌಕಟ್ಟಿನ ಕಂಬಿಯಲ್ಲಿ ಜಾರುತ್ತದೆ, ಒಳಗೆ ಕ್ಯಾಮ್ ಎಂಬ ಹೃದಯಾಕಾರದ ತುಂಡಿರುತ್ತದೆ. ಇದು ಮೊದಲ ನೂಕಿಗೆ ಬಿಗಿಯಾಗಿದ್ದು ಆಮೇಲೆ ಸಡಿಲವಾಗುತ್ತದೆ. ವಯಸ್ಸಾದವರು ಓಡಾಡುವ ಕಡೆಗೆ ಇದೇ ಮೇಲು.

ನಿಜವಾದ ಫೈರ್ ಡೋರ್ ಕೊಳ್ಳುವವರು ಬಾಗಿಲು, ಚೌಕಟ್ಟು, ಕೀಲು, ಕ್ಲೋಸರ್ ನಾಲ್ಕೂ ಕೂಡಿ ಬೆಂಕಿ ಪರೀಕ್ಷೆಗೆ ಒಳಗಾಗಿವೆಯೇ ಎಂದು ಕೇಳಿ ಪ್ರಮಾಣಪತ್ರ ನೋಡಬೇಕು. ಕಬ್ಬಿಣದ ಬಾಗಿಲಾದರೆ ತೂಕ ಬರೆಸಿಕೊಳ್ಳಬೇಕು. ಮರದ ಲೆಕ್ಕ ಅದಕ್ಕೆ ಹೊಂದದು. ಎರಡು ರೆಕ್ಕೆಯ ಬಾಗಿಲಾದರೆ ಎರಡಕ್ಕೂ ಕ್ಲೋಸರ್ ಬೇಕು, ಜೊತೆಗೆ ಯಾವ ರೆಕ್ಕೆ ಮೊದಲು ಮುಚ್ಚಬೇಕೆಂದು ಸರದಿ ಹಿಡಿಸುವ ಪಟ್ಟಿಯೂ ಬೇಕು. ಇಲ್ಲದಿದ್ದರೆ ಒಂದರ ಮೇಲೊಂದು ಸಿಕ್ಕಿ ನಡುವೆ ಸಂದು ಉಳಿಯುತ್ತದೆ.

ಕೊಕ್ಕೆ ತಕ್ಕಡಿಯ ಪರೀಕ್ಷೆ

ಬಾಗಿಲು ಭಾರವೋ ಹಗುರವೋ ಎಂದು ಗಟ್ಟಿಮುಟ್ಟಾದ ಕಂಟ್ರಾಕ್ಟರನ್ನು ಕೇಳಿದರೆ ಉತ್ತರ ಸಿಗದು. ನಮ್ಮ ಮನೆಗಳಲ್ಲಿರುವ ಸ್ಪ್ರಿಂಗ್ ತಕ್ಕಡಿಯೇ ಸಾಕು. ಅದನ್ನು ಅಡ್ಡ ಹಿಡಿದಾಗ ಮುಳ್ಳು ಸೊನ್ನೆಯಲ್ಲಿದೆಯೇ ನೋಡಿ. ಚಿಲಕವನ್ನು ಒಬ್ಬರು ಬಿಡಿಸಿ ಹಿಡಿಯಲಿ. ಬಾಗಿಲ ಹಿಡಿಗೆ ಕೊಕ್ಕೆ ಸಿಕ್ಕಿಸಿ, ಬಾಗಿಲಿಗೆ ನೇರ ಎದುರಾಗಿ ನಿಂತು ನಿಧಾನವಾಗಿ ಎಳೆಯಿರಿ. ಆಚೆಗೆ ನೂಕುವ ಬಾಗಿಲಾದರೆ ಆಚೆ ಬದಿಯಿಂದ ಎಳೆಯಿರಿ. ಮುಳ್ಳು ಎಷ್ಟು ತೋರಿಸುತ್ತದೋ ಅದೇ ಬಾಗಿಲು ಕೇಳುವ ಬಲ.

ಅಮೆರಿಕದಲ್ಲಿ ಅಂಗವಿಕಲರಿಗಾಗಿ ಮಾಡಿದ ನಿಯಮದಂತೆ ಕಟ್ಟಡದೊಳಗಿನ ಸಾಮಾನ್ಯ ಬಾಗಿಲು ಸುಮಾರು 22 ನ್ಯೂಟನ್, ನಮ್ಮ ತಕ್ಕಡಿಯಲ್ಲಿ ಎರಡೂಕಾಲು ಕಿಲೋ ಮೀರಬಾರದು. ಬೆಂಕಿ ತಡೆಯುವ ಬಾಗಿಲಿಗೆ ಆ ಮಿತಿಯಿಂದ ವಿನಾಯಿತಿ ಇದೆ, ಏಕೆಂದರೆ ಅಷ್ಟು ಹಗುರವಾದರೆ ಅದು ಚಿಲಕಕ್ಕೆ ಕೂರುವುದೇ ಕಷ್ಟ. ಅಳತೆ 3ರ ಕ್ಲೋಸರ್ ಮುಚ್ಚುವಾಗಲೇ ಹಿಡಿಯ ಬಳಿ ಕನಿಷ್ಠ ಎರಡು ಕಿಲೋ ಬಲ ತೋರಬೇಕು. ತೆರೆಯಲು ಅದಕ್ಕಿಂತ ಹೆಚ್ಚು ಬೇಕೇ ಬೇಕು. ಹೀಗೆ ಬೆಂಕಿಯ ನಿಯಮ ಒಂದು ಕಡೆ ಎಳೆದರೆ ಮುದುಕರ ಕೈ ಇನ್ನೊಂದು ಕಡೆ ಎಳೆಯುತ್ತದೆ. ಮುಚ್ಚಿ ಚಿಲಕ ಹಾಕಿಕೊಳ್ಳಲು ಎಷ್ಟು ಬೇಕೋ ಅಷ್ಟೇ ಬಲವಿಡುವುದು ಸರಿಯಾದ ದಾರಿ.

ನಮ್ಮ ಬಾಗಿಲು ಮೊದಲ ದಿನ ತೋರಿಸಿದ್ದು ಹನ್ನೊಂದು ಕಿಲೋ! ಎಲ್ಲವೂ ಕ್ಲೋಸರಿನ ತಪ್ಪಾಗಿರಲಿಲ್ಲ. ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲಿನ ಅಂಚು ನೆಲಕ್ಕೆ ಉಜ್ಜುತ್ತಿತ್ತು, ಕೀಲುಗಳು ಎಣ್ಣೆ ಕಂಡಿರಲಿಲ್ಲ. ಆಚಾರಿಗಳು ತಳ ಹೆರೆದು, ಕೀಲಿಗೆ ಎಣ್ಣೆ ಬಿಟ್ಟು, ಕ್ಯಾಮ್ ಇರುವ ಅಳತೆ 4ರ ಕ್ಲೋಸರ್ ಕೂರಿಸಿದ ಮೇಲೆ ಮೊದಲ ನೂಕಿಗೆ ನಾಲ್ಕೂವರೆ ಕಿಲೋ, ಆಮೇಲೆ ಎರಡು ಕಿಲೋ ಆಸುಪಾಸಿಗೆ ಇಳಿಯಿತು. ಕ್ಲೋಸರ್ ಬಿಗಿ ಮಾಡುವ ಮೊದಲು ಬಾಗಿಲನ್ನು ಸರಿಪಡಿಸಿ. ಉಜ್ಜುವ ಬಾಗಿಲಿಗೆ ಸ್ಪ್ರಿಂಗ್ ಬಿಗಿ ಮಾಡುವುದು ಬ್ರೇಕು ಹಿಡಿದ ಗಾಡಿಗೆ ಇನ್ನೊಂದು ಜೋಡಿ ಎತ್ತು ಕಟ್ಟಿದಂತೆ.

ತಿರುಪುಗಳನ್ನು ತಿರುಗಿಸುವ ಮುನ್ನ

ಕ್ಲೋಸರಿನ ಬದಿಯಲ್ಲಿ ಸಾಮಾನ್ಯವಾಗಿ ಎರಡು ತಿರುಪುಗಳಿರುತ್ತವೆ. ಒಂದು, ಬಾಗಿಲು ಪೂರಾ ತೆರೆದಲ್ಲಿಂದ ಮುಚ್ಚುವ ಹತ್ತಿರ ಬರುವವರೆಗಿನ ವೇಗಕ್ಕೆ. ಇನ್ನೊಂದು, ಕೊನೆಯ ಗೇಣಿನಲ್ಲಿ ಚಿಲಕಕ್ಕೆ ಕೂರುವ ವೇಗಕ್ಕೆ. ಕೋಲು ಹಿಡಿದವರು ದಾಟಲು ಸಮಯ ಬೇಕು. ಮೇಲೆ ಹೇಳಿದ ಅಮೆರಿಕದ ನಿಯಮ 90 ಡಿಗ್ರಿಯಿಂದ 12 ಡಿಗ್ರಿಗೆ ಬರಲು ಕನಿಷ್ಠ 5 ಸೆಕೆಂಡು ಕೇಳುತ್ತದೆ. ಗಡಿಯಾರ ಹಿಡಿದು ನೋಡಿ. ಕೊನೆಯ ಗೇಣಿನಲ್ಲಿ ಮಾತ್ರ ಸ್ವಲ್ಪ ಚುರುಕಾಗಿ ಹೋಗಿ ಚಿಲಕ ಬೀಳಬೇಕು. ಮುಚ್ಚುವ ಮೊದಲು ಸ್ವಲ್ಪ ಹೊತ್ತು ತಡೆದು ನಿಲ್ಲುವ ಕ್ಲೋಸರ್‌ಗಳೂ ಇವೆ. ಮೂಟೆ ಹೊರುವ ಕಡೆ ಒಳ್ಳೆಯದು.

ತಿರುಪನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತಲೂ ಕಡಿಮೆ ತಿರುಗಿಸಿ, ಬಾಗಿಲು ಬಿಟ್ಟು ನೋಡಿ, ಮತ್ತೆ ತಿರುಗಿಸಿ. ಪೂರಾ ಬಿಚ್ಚಿದರೆ ಎಣ್ಣೆಯೆಲ್ಲ ಚಿಮ್ಮಿ ಕ್ಲೋಸರ್ ಕೆಡುತ್ತದೆ. ಎಣ್ಣೆ ಜಿನುಗುತ್ತಿರುವ ಕ್ಲೋಸರ್ ಕಂಡರೆ ರಿಪೇರಿಗೆ ಹೋಗದೆ ಬದಲಾಯಿಸತಕ್ಕದ್ದು.

ಕೊನೆಯ ಪರೀಕ್ಷೆ ಸುಲಭ. ಬಾಗಿಲನ್ನು ಪೂರಾ ತೆರೆದು ಬಿಡಿ, ಚಿಲಕ ಬೀಳಬೇಕು. ಒಂದೇ ಗೇಣು ತೆರೆದು ಬಿಡಿ, ಆಗಲೂ ಚಿಲಕ ಬೀಳಬೇಕು. ಕಿಟಕಿ ತೆರೆದು ಗಾಳಿ ಆಡುವಾಗಲೂ, ಮಳೆಗಾಲದಲ್ಲಿ ಮರ ಉಬ್ಬಿರುವಾಗಲೂ ಹೀಗೆಯೇ ನೋಡಿ. ತಿಂಗಳಿಗೊಮ್ಮೆ ನೋಡಿದ ದಿನವನ್ನು ಪುಸ್ತಕದಲ್ಲಿ ಬರೆದಿಡಿ.

ಇಟ್ಟಿಗೆಯ ಬದಲು

ಮೂಟೆ ಸಾಗಿಸುವಾಗ ಬಾಗಿಲು ತೆರೆದಿರಲೇಬೇಕು ಎನ್ನುವುದು ನ್ಯಾಯವಾದ ಮಾತು. ಅದಕ್ಕೆ ಇಟ್ಟಿಗೆ, ಹಗ್ಗ, ತೋಳಿನಲ್ಲೇ ಕೊಕ್ಕೆಯಿರುವ ಕ್ಲೋಸರ್ ಇವು ಯಾವುವೂ ಸಲ್ಲವು. ಗೋಡೆಯಲ್ಲಿ ಕೂರುವ ವಿದ್ಯುತ್ ಅಯಸ್ಕಾಂತ ಬಾಗಿಲನ್ನು ತೆರೆದು ಹಿಡಿಯುತ್ತದೆ. ಹೊಗೆ ಪತ್ತೆ ಮಾಡುವ ಸಾಧನ ಕೂಗಿದೊಡನೆ ಅದು ಬಾಗಿಲನ್ನು ಬಿಟ್ಟುಬಿಡುತ್ತದೆ, ಕ್ಲೋಸರ್ ತನ್ನ ಕೆಲಸ ಮಾಡುತ್ತದೆ. ಕರೆಂಟು ಹೋದರೂ ಬಾಗಿಲು ಮುಚ್ಚಿಕೊಳ್ಳುತ್ತದೆ. ಇದೇ ಅದರ ಗುಣ. ಆದರೆ ನಮ್ಮ ಕಡೆ ಕರೆಂಟು ಹೋಗುವುದು ವಿಶೇಷವಲ್ಲವಾದ್ದರಿಂದ, ಪ್ರತಿ ಸಲ ಬಾಗಿಲು ಮುಚ್ಚಿ ಜನ ಬೇಸತ್ತು ಮತ್ತೆ ಇಟ್ಟಿಗೆ ತಂದಾರು. ಅದಕ್ಕಾಗಿ ಸಣ್ಣ ಬ್ಯಾಟರಿಯ ಆಸರೆ ಕೊಡಿಸಿದ್ದೇವೆ. ಖರ್ಚಾಯಿತು, ನಿಜ. ಆದರೆ ನಾಲ್ಕೂವರೆ ಕಿಲೋ ಸಹ ಕೆಲವರಿಗೆ ಭಾರವೇ. ಹಗಲು ಬಾಗಿಲು ತೆರೆದಿದ್ದು ಹೊಗೆ ಬಂದಾಗ ಮುಚ್ಚಿಕೊಂಡರೆ ಇಬ್ಬರಿಗೂ ನ್ಯಾಯ ಸಿಕ್ಕಂತೆ.

ಎಲ್ಲಿ ಬೇಕು, ಎಲ್ಲಿ ಬೇಡ

ಎಲ್ಲ ಬಾಗಿಲಿಗೂ ಕ್ಲೋಸರ್ ಹಾಕುವುದು ದುಡ್ಡು ದಂಡ, ಜನಕ್ಕೆ ಕಷ್ಟ. ಮೆಟ್ಟಿಲಿನ ಬಾಗಿಲು, ಗೋದಾಮು ಮತ್ತು ಕಚೇರಿಯ ನಡುವಿನ ಬಾಗಿಲು, ವಿದ್ಯುತ್ ಬೋರ್ಡಿನ ಕೋಣೆ, ಅಡಿಗೆಮನೆ ಇವಕ್ಕೆ ಬೇಕು. ಬಯಲಿಗೆ ತೆರೆಯುವ ಮುಂಬಾಗಿಲು ಹೊಗೆಯನ್ನು ಯಾರ ಮೇಲೂ ಹಾಯಿಸುವುದಿಲ್ಲ, ಅದಕ್ಕೆ ಬೇಡ.

ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ಹೊರಹೋಗುವ ಬಾಗಿಲು ಒಂದು ಮೀಟರಿಗಿಂತ ಕಿರಿದಾಗಬಾರದು, ಜನ ಸೇರುವ ಸಭಾಂಗಣಕ್ಕೆ ಎರಡು ಮೀಟರು. ಅದು ಹೊರಮುಖವಾಗಿ ತೆರೆಯಬೇಕು. ಒಳಗಿರುವವರು ಬೀಗದ ಕೈ ಹುಡುಕದೆ ತೆರೆಯುವಂತಿರಬೇಕು. ಸಭೆ ನಡೆಯುವಾಗ ಹೊರಗಿನಿಂದ ಅಗುಳಿ ಹಾಕುವ ಪದ್ಧತಿ ಎಲ್ಲಿದ್ದರೂ ಇಂದೇ ನಿಲ್ಲಲಿ.

ಇನ್ನು ಗಾಲಿಕುರ್ಚಿಯವರ ವಿಚಾರ. ಮೆಟ್ಟಿಲಿನ ಬಾಗಿಲು ಎಷ್ಟು ಹಗುರವಾದರೇನು, ಅವರು ಮೆಟ್ಟಿಲೇ ಹತ್ತಲಾರರು. ಆದ್ದರಿಂದ ಹಣ ಪಾವತಿಯ ಕೌಂಟರನ್ನು ಕೆಳಗೆ, ರಸ್ತೆಯ ಬದಿಗೆ ತಂದು ಇಳಿಜಾರು ಕಟ್ಟಿಸಿದ್ದೇವೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಬಂದ ಮೇಲೆ ಇದು ಉಪಕಾರವಲ್ಲ, ಅವರ ಹಕ್ಕು. ಬಾಗಿಲು ತೆರೆದಾಗ 900 ಮಿ.ಮೀ. ಹಾದಿ ಸಿಗಬೇಕು. ಗುಂಡು ಹಿಡಿಯ ಬದಲು ಮೊಣಕೈಯಿಂದಲೂ ಒತ್ತಬಹುದಾದ ಉದ್ದ ಹಿಡಿ ಇರಬೇಕು. ಹೊಸ್ತಿಲಿಗೆ ನಮ್ಮ ಹೆಂಗಸರು ಅರಿಶಿನ ಕುಂಕುಮ ಇಡುತ್ತಾರೆ. ಮನೆಯಲ್ಲಿ ಅದು ಇರಲಿ, ಸಂಘದ ಕಟ್ಟಡದಲ್ಲಿ ಮಾತ್ರ ಹೊಸ್ತಿಲು ನೆಲಕ್ಕೆ ಸಮನಾಗಿರಲಿ.

ಕೊನೆಯ ಮಾತು

ಕಟ್ಟಡ ಕಟ್ಟಿಸುವ ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ಬಿನ್ನಹ ಇಷ್ಟೇ. ಬಾಗಿಲು ಒಪ್ಪಿಕೊಳ್ಳುವ ದಿನ ಎಂಜಿನಿಯರು, ಕಂಟ್ರಾಕ್ಟರುಗಳ ಜೊತೆಗೆ ಊರಿನ ಒಬ್ಬ ಅಜ್ಜಿಯನ್ನೋ ಅಜ್ಜನನ್ನೋ ಕರೆಸಿ ಆ ಬಾಗಿಲು ತೆರೆಯಲು ಹೇಳಿ. ಅವರು ತೆರೆದು ನಿಧಾನವಾಗಿ ದಾಟಿದ ಮೇಲೆ ಬಾಗಿಲು ತಾನಾಗಿ ಮುಚ್ಚಿ ಚಿಲಕ ಹಾಕಿಕೊಂಡರೆ ಬಿಲ್ಲಿಗೆ ಸಹಿ ಹಾಕಿ. ಇಲ್ಲವಾದರೆ ಬೇಡ.

ನಮ್ಮ ಮಳವಳ್ಳಿಯ ಹಿರಿಯರು ಈ ಸಲದ ಮಹಾಸಭೆಗೂ ಬಂದಿದ್ದರು. ಅಯಸ್ಕಾಂತ ಬಿಡಿಸಿ ಬಾಗಿಲನ್ನು ಅವರ ಕೈಗೇ ಕೊಟ್ಟೆವು. ತೆರೆದರು, ದಾಟಿದರು, ತಿರುಗಿ ನಿಂತು ಅದು ಮುಚ್ಚುವವರೆಗೂ ನೋಡಿದರು. "ಈಗ ಬುದ್ಧಿ ಬಂತು ಕಣಪ್ಪ" ಎಂದರು. ಬಾಗಿಲಿಗೋ ಕಾರ್ಯದರ್ಶಿಗೋ ಎಂದು ನಾನು ಕೇಳಲಿಲ್ಲ.

ಸ್ಪ್ರಿಂಗ್ ತಕ್ಕಡಿ ಸಂಘದ ಕಚೇರಿಯಲ್ಲಿದೆ. ತಮ್ಮ ಊರಿನ ಭವನದ ಬಾಗಿಲು ಪರೀಕ್ಷಿಸಬೇಕೆಂದಿರುವ ಸದಸ್ಯರು ಪುಸ್ತಕದಲ್ಲಿ ಸಹಿ ಮಾಡಿ ತೆಗೆದುಕೊಂಡು ಹೋಗಬಹುದು.

ಇಂತು,
ಕಾರ್ಯದರ್ಶಿ